ಕುದುರೆಯ ಮೈಮೇಲಿನ ಕೈ

ಬೆನ್ನಿನ ಮೇಲೆ ಕುಳಿತ ಒಂದು ನೊಣದ ಭಾರವನ್ನೂ ಅರಿತು, ಬಾಲ ಬೀಸುವ ಮೊದಲೇ ಆ ಎಡೆಯ ಚರ್ಮವನ್ನಷ್ಟೇ ಥರಥರನೆ ನಡುಗಿಸಿ ಅದನ್ನು ಕೊಡಹಿಬಿಡಬಲ್ಲ ಪ್ರಾಣಿ ಕುದುರೆ. ಇಂಥ ಸೂಕ್ಷ್ಮತ್ವಚೆಯ ಜೀವಿಯೊಡನೆ ಮನುಷ್ಯನು ಸಹಸ್ರಾರು ವರ್ಷಗಳಿಂದ ಕಡಿವಾಣ, ಚಾವಟಿಗಳ ಮೂಲಕವೇ ಹೆಚ್ಚಾಗಿ ವ್ಯವಹರಿಸುತ್ತ ಬಂದನೆಂಬುದು ವಿಚಿತ್ರವಾದರೂ ನಿಜ. ಆದರೆ ಅದೇ ಕಾಲದುದ್ದಕ್ಕೂ, ಯುದ್ಧವೃತ್ತಾಂತಗಳ ಕಣ್ಣಿಗೆ ಬೀಳದ ಲಾಯದ ಮೂಲೆಯಲ್ಲಿ, ಬರಿಗೈಯ ವಿದ್ಯೆಯೊಂದು ಮೌನವಾಗಿ ಬಾಳಿಕೊಂಡು ಬಂದಿತು.

ಆ ವಿದ್ಯೆಯ ಪ್ರಾಚೀನ ಸಾಕ್ಷ್ಯಗಳಲ್ಲೊಂದು, ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಸೇನಾನಿಯೂ ಸಾಕ್ರೆಟೀಸನ ಶಿಷ್ಯನೂ ಆದ ಅಥೆನ್ಸಿನ ಕ್ಸೆನೊಫೋನನು ಅಶ್ವಾರೋಹಣವನ್ನು ಕುರಿತು ಬರೆದ ಗ್ರಂಥ. ಹಸಿವು, ನೀರಡಿಕೆ, ಕೀಟಬಾಧೆಗಳಿಂದ ತನಗೆ ಬಿಡುಗಡೆ ದೊರೆಯುವುದು ಮನುಷ್ಯನಿಂದಲೇ ಎಂದು ಎಳೆಯ ಕುದುರೆಗೆ ಮನವರಿಕೆಯಾಗಬೇಕೆಂದೂ, ಅದರ ಮೈಯಲ್ಲಿ ಕೂದಲು ದಟ್ಟವಾಗಿರುವ, ಬಾಧೆಯುಂಟಾದಾಗ ತನಗೆ ತಾನೇ ನೆರವಾಗಲಾರದ ಎಡೆಗಳನ್ನು ಮುಟ್ಟಿ ಸವರಬೇಕೆಂದೂ ಆತನು ವಿಧಿಸುತ್ತಾನೆ. ಬೆನ್ನಿಗಂತೂ ಯಾವ ಉಪಕರಣವನ್ನೂ ಸೋಕಿಸದೆ, ಕೂದಲು ಒರಗಿದ ದಿಕ್ಕಿನಲ್ಲಿ ಅಂಗೈಯಿಂದಲೇ ತೀಡಬೇಕು; ಕೋಪಗೊಂಡಾಗ ಕುದುರೆಯೊಡನೆ ವ್ಯವಹರಿಸಲೇಬಾರದು. ಇಷ್ಟು ಕೋಮಲವಾದ ಉಪದೇಶದ ಗುರಿ, ಸಮರದಲ್ಲಿ ಬೆದರದ ತುರಗವನ್ನು ಸಿದ್ಧಗೊಳಿಸುವುದೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

ಸ್ಪರ್ಶವು ವಶೀಕರಣದ ಸಾಧನವಾಗಿಯೇ ಉಳಿದುದಕ್ಕೆ ಪ್ರಸಿದ್ಧ ನಿದರ್ಶನ, ಅಮೆರಿಕದ ಒಹಾಯೊ ಪ್ರಾಂತದ ಜಾನ್ ಸಾಲೊಮನ್ ರೇರಿ. 1858ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿಯೂ ತನ್ನ ಕೌಶಲವನ್ನು ತೋರಿದ ಈತನು, ಹತ್ತಿರ ಬಂದವರ ಮೇಲೆರಗುವುದೆಂದು ಕುಖ್ಯಾತಿ ಪಡೆದಿದ್ದ ಕ್ರೂಸರ್ ಎಂಬ ಗಂಡುಕುದುರೆಯನ್ನು ಸಾಧುವಾಗಿಸಿ ಜನರನ್ನು ಬೆರಗುಗೊಳಿಸಿದನು. ಮುಂಗಾಲೊಂದನ್ನು ಮಡಿಸಿ ಪಟ್ಟಿಯಿಂದ ಕಟ್ಟಿ, ದಣಿಸಿ ನೆಲಕ್ಕೊರಗಿಸಿ, ಅನಂತರ ತಲೆಯಿಂದ ಗೊರಸಿನವರೆಗೆ ಮೃದುವಾಗಿ ಸವರುವುದು ಅವನ ಕ್ರಮ. ಸವರಿದ ಕೈ ದಯಾಳುವಾಗಿದ್ದರೂ, ಅದಕ್ಕೆ ಮುನ್ನ ಪಟ್ಟಿ ತನ್ನ ಕೆಲಸವನ್ನು ಮುಗಿಸಿತ್ತು. ಕುದುರೆಯ ಸಮ್ಮತಿಯನ್ನು ಯಾರೂ ಕೇಳಿರಲಿಲ್ಲ.

ಕೇಳುವ ಕೈಯ ಕಥೆ 20ನೆಯ ಶತಮಾನದ್ದು. ಅದರ ನಾಯಿಕೆ, 1937ರಲ್ಲಿ ಕೆನಡದಲ್ಲಿ ಜನಿಸಿದ ಲಿಂಡಾ ಟೆಲಿಂಗ್ಟನ್-ಜೋನ್ಸ್. ರಷ್ಯದಲ್ಲಿ ಪಂದ್ಯದ ಕುದುರೆಗಳನ್ನು ತರಬೇತುಗೊಳಿಸಿದ್ದ ತನ್ನ ಅಜ್ಜ, ಜಿಪ್ಸಿಗಳಿಂದ ಕಲಿತ ಅಂಗಮರ್ದನವನ್ನು ಪ್ರತಿಯೊಂದು ಕುದುರೆಗೂ ತಪ್ಪದೆ ಮಾಡಿಸುತ್ತಿದ್ದನೆಂದು ಆಕೆ ಹೇಳಿಕೊಂಡಿದ್ದಾಳೆ. 1965ರಲ್ಲಿ ಪತಿಯೊಡನೆ ಕುದುರೆಗಳ ಮಾಲೀಸನ್ನು ಕುರಿತು ಪುಸ್ತಕವನ್ನೇ ಬರೆದಿದ್ದರೂ, ಆಕೆಯ ದೃಷ್ಟಿ ಪಲ್ಲಟಗೊಂಡುದು 1975ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೋಶೆ ಫೆಲ್ಡನ್‌ಕ್ರೈಸರ ಶಿಷ್ಯತ್ವವನ್ನು ವಹಿಸಿದ ಮೇಲೆ. ಭೌತವಿಜ್ಞಾನಿಯೂ ಜೂಡೋಪಟುವೂ ಆಗಿದ್ದ ಆ ಗುರುವಿನ ಮತದಂತೆ, ನೋವಿಲ್ಲದ, ವಾಡಿಕೆಯಲ್ಲದ, ಮಂದವಾದ ಚಲನೆಗಳಿಂದ ನರಮಂಡಲವು ಹಳೆಯ ಬಿಗಿತವನ್ನು ಬಿಟ್ಟು ಹೊಸತನ್ನು ಕಲಿಯಬಲ್ಲುದು. ಮಾನವದೇಹಕ್ಕಾಗಿ ಹುಟ್ಟಿದ ಈ ತತ್ತ್ವವನ್ನು ಆಕೆ ಲಾಯಕ್ಕೆ ಕೊಂಡೊಯ್ದಳು. 1983ರಲ್ಲಿ ರೂಪುಗೊಂಡ ಆಕೆಯ ಮೂಲಕ್ರಮ ಬಹಳ ಸರಳ: ಬೆರಳ ತುದಿಗಳಿಂದ ಚರ್ಮವನ್ನು ಹಗುರವಾಗಿ ಹಿಡಿದು, ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಮತ್ತು ಕಾಲು ಸುತ್ತು ಸರಿಸಿ, ತಡೆದು, ಬೇರೊಂದೆಡೆಗೆ ಸಾಗುವುದು. ಮಾಂಸವನ್ನು ನಾದುವ ಹಂಬಲ ಇಲ್ಲಿಲ್ಲ. ಕುದುರೆಯು ತಲೆ ತಗ್ಗಿಸಿತೇ, ತುಟಿ ನೆಕ್ಕಿತೇ, ಆಕಳಿಸಿತೇ, ದೀರ್ಘವಾಗಿ ಉಸಿರುಬಿಟ್ಟಿತೇ ಎಂದು ನೋಡುತ್ತ, ಅದು ಸರಿದರೆ ತಾನೂ ಸರಿಯುವ ತಾಳ್ಮೆಯೇ ಈ ಕ್ರಮದ ಅರ್ಧಭಾಗ.

ಈ ಕ್ರಮದ ಸಕಲ ಪ್ರಶಂಸೆಗಳಿಗೂ ವಿಜ್ಞಾನದ ಮುದ್ರೆ ಬಿದ್ದಿದೆಯೆಂದು ಹೇಳಲಾಗದು. ಆದರೆ ಕ್ಲೌಡಿಯಾ ಫೇ ಮತ್ತು ಜಾನ್ ದ ಮಾಜಿಯೇರ್ ಎಂಬ ಸಂಶೋಧಕಿಯರು ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಸಂಗತಿ ಮನನಯೋಗ್ಯವಾದುದು. ಕುದುರೆಗಳು ಪರಸ್ಪರ ಹಲ್ಲಿನಿಂದ ಮೆಲ್ಲನೆ ಕೆರೆದುಕೊಳ್ಳಲು ಹೆಚ್ಚಾಗಿ ಆರಿಸುವ ಕತ್ತಿನ ಬುಡವನ್ನು ಮನುಷ್ಯನು ಕೆರೆದರೂ ಅವುಗಳ ಹೃದಯಬಡಿತ ಇಳಿಯುತ್ತದೆ. ಅವು ಅಷ್ಟಾಗಿ ಬಯಸದ ಎಡೆಯನ್ನು ಕೆರೆದರೆ ಇಳಿಯುವುದಿಲ್ಲ. ಆ ಕತ್ತಿನ ಬುಡವೋ, ಕೇಸರದ ಕೂದಲು ಬಂದು ಮುಗಿಯುವ, ಕುದುರೆಗೆ ತನ್ನ ಹಲ್ಲು ನಿಲುಕದ ಸ್ಥಳ. ಕ್ಸೆನೊಫೋನನು ಸೂಚಿಸಿದಂಥ ಎಡೆಗೇ ನಾಡಿಯನ್ನು ಎಣಿಸುವ ಯಂತ್ರವೂ ಬಂದು ತಲುಪಿತು. ಕುದುರೆಗಳಾದರೋ ಅದನ್ನು ಇಬ್ಬರಿಗಿಂತಲೂ ಮೊದಲೇ ಬಲ್ಲವಾಗಿದ್ದುವು.

‘ಮೈದಡವು’ ಎಂಬ ನಮ್ಮ ಕನ್ನಡದ ಮಾತಿಗೆ ಸವರು ಎಂಬ ಅರ್ಥವೂ ಸಂತೈಸು ಎಂಬ ಅರ್ಥವೂ ಬೇರ್ಪಡಿಸಲಾಗದಂತೆ ಕೂಡಿಕೊಂಡಿವೆ. ಹೆಸರುಳಿಯದ ಎಷ್ಟೋ ಮಂದಿ ಕಾಸ್ತಾರರು, ದಣಿದು ಬಂದ ಕುದುರೆಯ ಜೀನನ್ನು ಇಳಿಸಿ ಅದರ ಬೆನ್ನ ಮೇಲೆ ಅಂಗೈಯಾಡಿಸಿದಾಗ ಮಾಡಿದ ಕೆಲಸಕ್ಕೆ ಇದಕ್ಕಿಂತ ತಕ್ಕ ಹೆಸರು ಬೇರೆ ಬೇಕಾಗಿರಲಿಲ್ಲ.