ನಿಂತ ಮಾಪಕ, ಓಡುವ ಮಾಪಕ: ನಗರದ ಗಾಳಿಯನ್ನು ಅಳೆಯುವ ಎರಡು ಬಗೆಗಳ ಬೆಸುಗೆ

ಸ್ಥಿರ ಮಾಪನ ಕೇಂದ್ರವು ತಾನಿರುವ ಜಾಗದ ಗಾಳಿಯ ಹಗಲುರಾತ್ರಿಯ ಏರಿಳಿತವನ್ನೆಲ್ಲ ದಾಖಲಿಸುತ್ತದೆ. ಪಕ್ಕದ ಬೀದಿಯ ಸ್ಥಿತಿ ಅದಕ್ಕೆ ತಿಳಿಯದು. ವಾಹನದ ಮೇಲಿಟ್ಟ ಸಂವೇದಕ ನೂರು ಬೀದಿ ಸುತ್ತಿ ಬರುತ್ತದೆ, ಆದರೆ ಪ್ರತಿ ಬೀದಿಯಲ್ಲೂ ಅದು ಇರುವುದು ಕೆಲವೇ ಕ್ಷಣ. ಎರಡೂ ಬೇಕೆಂಬುದರಲ್ಲಿ ತಕರಾರಿಲ್ಲ. ಅವುಗಳ ಅಂಕಿಗಳನ್ನು ಯಾವ ನಂಬಿಕೆಯ ಮೇಲೆ ಬೆಸೆಯುತ್ತೇವೆ ಎಂಬುದೇ ಇಲ್ಲಿನ ಪ್ರಶ್ನೆ.

ಸ್ವಿಟ್ಜರ್ಲೆಂಡಿನ ಓಪನ್‌ಸೆನ್ಸ್ ಯೋಜನೆಯಲ್ಲಿ ಸಂಶೋಧಕರು ಜೂರಿಕ್ ನಗರದ 10 ಟ್ರಾಮ್‌ಗಳ ಮೇಲೆ ಮಾಪನ ಪೆಟ್ಟಿಗೆಗಳನ್ನು ಅಳವಡಿಸಿದರು. ಅಗ್ಗದ ಓಜೋನ್ ಸಂವೇದಕಗಳ ಅಳತೆ ದಿನ ಕಳೆದಂತೆ ಹಾದಿ ತಪ್ಪುತ್ತದೆ. ಒಂದೊಂದನ್ನೂ ಬಿಚ್ಚಿ ಪ್ರಯೋಗಾಲಯಕ್ಕೆ ಒಯ್ಯುತ್ತ ಕೂರಲಾಗದು. ಆದ್ದರಿಂದ ಟ್ರಾಮ್ ಸ್ಥಿರ ಕೇಂದ್ರದ ಬಳಿ ಹಾಯುವಾಗ ಎರಡಕ್ಕೂ ಸಿಗುವುದು ಒಂದೇ ಗಾಳಿಯೆಂದು ಎಣಿಸಿ, ಕೇಂದ್ರದ ಅಂಕಿಗೆ ಸಂವೇದಕವನ್ನು ಸರಿಹೊಂದಿಸಿದರು. ಕೇಂದ್ರದತ್ತ ಸುಳಿಯದ ಟ್ರಾಮ್, ಈಗಾಗಲೇ ಸರಿಹೊಂದಿದ ಇನ್ನೊಂದು ಟ್ರಾಮ್ ಎದುರಾದಾಗ ಅದರಿಂದ ತಿದ್ದಿಕೊಳ್ಳಬಹುದು. ಆದರೆ ಹೀಗೆ ಕೈಯಿಂದ ಕೈಗೆ ದಾಟಿದಷ್ಟೂ ದೋಷ ಬೆಳೆಯುತ್ತದೆ. ತಪ್ಪೆಲ್ಲ ಒಂದೇ ಕಡೆಯದೆಂದು ಬಗೆಯುವ ರೂಢಿಯ ರಿಗ್ರೆಶನ್ ಇಲ್ಲಿ ಸಾಲದು. ಎರಡೂ ಮಾಪಕಗಳಲ್ಲಿ ದೋಷವಿದೆಯೆಂದು ಒಪ್ಪಿಕೊಳ್ಳುವ ವಿಧಾನ ಬೇಕು.

ಕೆಲವು ಕ್ಷಣದ ಅಳತೆಯಿಂದ ಇಡೀ ದಿನದ ಸರಾಸರಿಯನ್ನು ಅಂದಾಜಿಸುವ ಕಾಲದ ತಿದ್ದುಪಡಿ ಇನ್ನೂ ನಾಜೂಕು. ಬೆಳಿಗ್ಗೆ 9ಕ್ಕೆ ಒಂದು ಬೀದಿಯಲ್ಲಿ ವಾಹನಕ್ಕೆ ಮಾಲಿನ್ಯದ ಅಂಕಿ 80 ಸಿಕ್ಕಿತೆನ್ನಿ. ಆ ಹೊತ್ತಿಗೆ ಸ್ಥಿರ ಕೇಂದ್ರದಲ್ಲಿ 60, ಅಲ್ಲಿನ ದಿನದ ಸರಾಸರಿ 40. ಅನುಪಾತ ಹಿಡಿದು ತಿದ್ದಿದರೆ ಬೀದಿಯ ದಿನದ ಸರಾಸರಿ ಸುಮಾರು 53; ವ್ಯತ್ಯಾಸವನ್ನು ಕಳೆದರೆ 60. ಮೊದಲ ಲೆಕ್ಕ ಊರಿಗೆ ಊರೇ ಒಂದೇ ಪ್ರಮಾಣದಲ್ಲಿ ಏರಿಳಿಯುತ್ತದೆಂದು ನಂಬುತ್ತದೆ. ಎರಡನೆಯದು, ಬೀದಿಯದೇ ಆದ ಪಾಲು ದಿನವಿಡೀ ಬದಲಾಗದೆಂದು. ಕರೆಂಟು ಹೋಗಿ ಅಂಗಡಿಯೊಂದರ ಡೀಸೆಲ್ ಜನರೇಟರ್ ಶುರುವಾದರೆ ಎರಡೂ ನಂಬಿಕೆ ಕೆಡುತ್ತವೆ. ಇದಕ್ಕೆ ಮದ್ದು ಮತ್ತೆ ಮತ್ತೆ ಅಳೆಯುವುದು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಮಾಪಕ ಹೊತ್ತ ಕಾರುಗಳು ಅವೇ ಬೀದಿಗಳಲ್ಲಿ ಮತ್ತೆ ಮತ್ತೆ ಓಡಿದ್ದರಿಂದಲೇ, ಒಂದೇ ಬ್ಲಾಕಿನೊಳಗೆ ಮಾಲಿನ್ಯ 5ರಿಂದ 8 ಪಟ್ಟು ವ್ಯತ್ಯಾಸಗೊಳ್ಳಬಲ್ಲದೆಂದು 2017ರ ಅಧ್ಯಯನ ದೃಢವಾಗಿ ಹೇಳಲು ಸಾಧ್ಯವಾಯಿತು.

ಸಂವೇದಕದ ಹೊಂದಾಣಿಕೆ, ಕಾಲದ ತಿದ್ದುಪಡಿ ಎರಡೂ ಸ್ಥಿರ ಕೇಂದ್ರದ ಅಂಕಿಯನ್ನೇ ನೆಚ್ಚುತ್ತವೆ. ಹಾಗಾಗಿ ಸ್ಥಿರ ಕೇಂದ್ರದ ಜಾಗವನ್ನು ವಾಹನಗಳ ಮಾರ್ಗ ನೋಡಿಯೇ ಆರಿಸಬೇಕೆಂಬುದು ನನ್ನ ವಾದ. ಹಾಗೆಂದು ಮಾರ್ಗಗಳು ಕೂಡುವ ಜಾಗವೇ ಒಳ್ಳೆಯದೆಂದೇನೂ ಅಲ್ಲ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸುಗಳೇನೋ ಸೇರುತ್ತವೆ. ಆದರೆ ಇಂಜಿನ್ ಹೊಗೆಯ ನೈಟ್ರಿಕ್ ಆಕ್ಸೈಡ್ ಸುತ್ತಲಿನ ಓಜೋನನ್ನು ಆ ಕ್ಷಣದಲ್ಲೇ ಕಬಳಿಸುವುದರಿಂದ, ಹತ್ತು ಮೀಟರು ಆಚೆಗಿನ ಗಾಳಿಯೇ ಬೇರೆ; ಎರಡಕ್ಕೂ ಒಂದೇ ಗಾಳಿಯೆಂಬ ಎಣಿಕೆ ಅಲ್ಲಿ ನಿಲ್ಲದು. ಬಸ್ಸು ಹಾಯಬೇಕು, ನಿಂತು ಹೊಗೆ ಉಗುಳಬಾರದು: ಓಜೋನ್ ಮಟ್ಟಿಗೆ ಕಬ್ಬನ್ ಪಾರ್ಕಿನ ಅಂಚಿನಂಥ ಜಾಗ ಮೆಜೆಸ್ಟಿಕ್‌ಗಿಂತ ಮೇಲು.