ಕೌರಿ ಮರಗಳ ರಕ್ಷಣಾ ಚಳವಳಿ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಬೆಳೆಯುವ ಕೌರಿ ಮರಗಳನ್ನು ಬೇರು ಕೊಳೆಸುವ ರೋಗದಿಂದ ಉಳಿಸಿಕೊಳ್ಳಲು ಮಾವೋರಿ ಕುಲಗಳೂ ಸ್ಥಳೀಯ ನಿವಾಸಿಗಳೂ ನಡೆಸುತ್ತ ಬಂದಿರುವ ಚಳವಳಿ. ಆಕ್ಲೆಂಡ್ ನಗರದ ಪಶ್ಚಿಮಕ್ಕಿರುವ ವೈಟಾಕೆರೆ ಬೆಟ್ಟಸಾಲಿನಲ್ಲಿ 2017ರಲ್ಲಿ ತೀವ್ರಗೊಂಡಿತು.

ಕೌರಿ (ಅಗಾತಿಸ್ ಆಸ್ಟ್ರಾಲಿಸ್) ಸಾವಿರ ವರ್ಷ ಮೀರಿ ಬಾಳಬಲ್ಲ ಮರ. ವೈಪೊವಾ ಕಾಡಿನ ‘ಟಾನೆ ಮಹುತಾ’ ಎಂಬ ಹೆಮ್ಮರದ ಎತ್ತರ ಸುಮಾರು 51 ಮೀಟರ್, ಕಾಂಡದ ಸುತ್ತಳತೆ 13 ಮೀಟರಿಗೂ ಹೆಚ್ಚು. ಮಾವೋರಿ ಪುರಾಣದ ಟಾನೆ, ಒಂದಕ್ಕೊಂದು ಅಂಟಿಕೊಂಡಿದ್ದ ಭೂಮಿ ಆಕಾಶಗಳನ್ನು ಬೇರ್ಪಡಿಸಿದ ಕಾಡಿನ ದೇವರು. ಯುರೋಪಿಯನ್ನರು ಬಂದ ಮೇಲೆ ಹಡಗಿಗೂ ಮನೆಗೂ ಮರ ಕಡಿದದ್ದರಿಂದ ಹಳೆಯ ಕಾಡಿನಲ್ಲಿ ಉಳಿದದ್ದು ಅಲ್ಪ. ಹಾಗೆ ಉಳಿದ ಕಾಡಿಗೇ ಈಗ ರೋಗ ತಗುಲಿದೆ.

ರೋಗಾಣುವಿಗೆ ಫೈಟಾಫ್ತೊರ ಅಗಾತಿಡಿಸಿಡ ಎಂಬ ಹೆಸರು ಬಂದದ್ದು 2015ರಲ್ಲಿ. ಮಲೆನಾಡಿನ ಅಡಕೆಗೆ ಕೊಳೆರೋಗ ತರುವುದೂ ಇದೇ ಫೈಟಾಫ್ತೊರ ಜಾತಿಯ ಇನ್ನೊಂದು ಪ್ರಭೇದ. ಆದರೆ ಗೊನೆಗೆ ಬೋರ್ಡೋ ದ್ರಾವಣ ಹೊಡೆದು ಕೊಳೆ ತಡೆಯುವ ದಾರಿ ಇಲ್ಲಿಲ್ಲ. ಇದು ನೆಲದೊಳಗಿನ ರೋಗ. ಒದ್ದೆ ಮಣ್ಣಿನಲ್ಲಿ ಈಜುವ ಬೀಜಾಣುಗಳು ಎಳೆಬೇರನ್ನು ಹೊಕ್ಕು ಮೇಲೇರುತ್ತವೆ. ಬುಡದಲ್ಲಿ ಅಂಟು ಸೋರುತ್ತದೆ, ಎಲೆ ಉದುರಿ ನೆತ್ತಿ ಬೋಳಾಗುತ್ತದೆ, ಮರ ಸಾಯುತ್ತದೆ. ದಪ್ಪ ಕವಚದ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಕಾಡುಹಂದಿಯ ಗೊರಸಿಗೋ ಚಾರಣಿಗರ ಬೂಟಿಗೋ ಮೆತ್ತಿದ ಚಿಟಿಕೆ ಕೆಸರು ಸಾಕು, ಸೋಂಕು ಇನ್ನೊಂದು ಮರದ ಬುಡ ಮುಟ್ಟಲು.

ವೈಟಾಕೆರೆಯಲ್ಲಿ ಸೋಂಕಿತ ಪ್ರದೇಶ ಐದು ವರ್ಷಗಳಲ್ಲಿ ಶೇ. 8ರಿಂದ ಶೇ. 19ಕ್ಕೆ ಏರಿದೆಯೆಂದೂ ಅದರಲ್ಲಿ ಬಹುಪಾಲು ಕಾಲುದಾರಿಗಳ ಅಕ್ಕಪಕ್ಕದಲ್ಲಿದೆಯೆಂದೂ 2017ರ ಸಮೀಕ್ಷಾ ವರದಿ ತಿಳಿಸಿತು. ಆ ನೆಲದ ಮೂಲನಿವಾಸಿಗಳಾದ ಟೆ ಕಾವೆರಾವ್ ಆ ಮಾಕಿ ಕುಲದವರು ಅದೇ ವರ್ಷದ ಡಿಸೆಂಬರಿನಲ್ಲಿ ಕಾಡಿಗೆ ‘ರಾಹುಯಿ’ ಹಾಕಿದರು. ಸಾವು ಸಂಭವಿಸಿದಾಗಲೋ ಸಂಪತ್ತು ಕ್ಷೀಣಿಸಿದಾಗಲೋ ಒಂದು ಜಾಗಕ್ಕೆ ಯಾರೂ ಕಾಲಿಡಬಾರದೆಂದು ವಿಧಿಸುವ ಸಾಂಪ್ರದಾಯಿಕ ಕಟ್ಟು ಇದು. ಮೀರಿದವರಿಗೆ ದಂಡ ಹಾಕುವ ಕಾನೂನಿನ ಬಲ ಇದಕ್ಕಿರಲಿಲ್ಲ. ಆದರೂ ಪರಿಸರ ಸಂಘಟನೆಗಳು ಬೆಂಬಲಕ್ಕೆ ನಿಂತವು. ಸಾಮಾನ್ಯವಾಗಿ ಕಾಡನ್ನು ಜನರಿಗೆ ಮುಕ್ತವಾಗಿಡಿ ಎಂದು ಹೋರಾಡುವವರೇ, ನಮ್ಮನ್ನು ಹೊರಗಿಡಿ ಎಂದು ಕೇಳಿದ್ದು ಈ ಚಳವಳಿಯ ವೈಶಿಷ್ಟ್ಯ. ಅಪಾಯ ಹೆಚ್ಚಿರುವ ದಾರಿಗಳನ್ನಷ್ಟೇ ಮುಚ್ಚಲು ಮೊದಲು ಹೊರಟಿದ್ದ ಆಕ್ಲೆಂಡ್ ನಗರಾಡಳಿತ ಒತ್ತಡಕ್ಕೆ ಮಣಿದು, 2018ರ ಮೇ 1ರಿಂದ ಬೆಟ್ಟಸಾಲಿನ ಕಾಡುಭಾಗವನ್ನು ಮುಚ್ಚಿತು. ಚಾರಣಿಗರಲ್ಲಿ ಅಸಮಾಧಾನವಿತ್ತು, ಕದ್ದು ನುಗ್ಗಿದವರೂ ಇದ್ದರು.

‘ಕೌರಿ ರೆಸ್ಕ್ಯೂ’ ಯೋಜನೆಯಲ್ಲಿ ಜಮೀನಿನ ಮಾಲೀಕರೇ ತಮ್ಮ ಮರಗಳ ಕಾಂಡಕ್ಕೆ ಫಾಸ್ಫೈಟ್ ಚುಚ್ಚಲು ಕಲಿತರು. ಔಷಧಿ ರೋಗದ ವೇಗವನ್ನು ತಗ್ಗಿಸುತ್ತದೆ, ಗುಣಪಡಿಸುವುದಿಲ್ಲ. ಕೆಸರಾಗದ ಹಲಗೆ ಹಾದಿ, ಬೂಟು ತೊಳೆಯುವ ಕಟ್ಟೆಗಳನ್ನು ನಿರ್ಮಿಸಿದ ಮೇಲೆ ಕೆಲವು ದಾರಿಗಳು ಮತ್ತೆ ತೆರೆದವು. 2022ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಯೋಜನೆಯು ಕೌರಿ ಕಾಡಿಗೆ ಹೋಗುವವರು ಪಾದರಕ್ಷೆ, ಸಲಕರಣೆಗಳಿಗೆ ಅಂಟಿದ ಮಣ್ಣು ತೆಗೆದೇ ಒಳಗೆ ಹೋಗಬೇಕೆಂಬ ನಿಯಮವನ್ನು ದೇಶಕ್ಕೆಲ್ಲ ಅನ್ವಯಿಸಿತು.