ಬಿಳಿಮೀನೂ ಬಿದಿರಿನ ಕೋಲೂ

ದುಬಾರೆಗೆ ಹೋದವರು ಸಾಮಾನ್ಯವಾಗಿ ಆನೆಗಳನ್ನು ನೋಡಿಕೊಂಡು ಬರುತ್ತಾರೆ. ಕುಶಾಲನಗರದಿಂದ ಹೊರಟು, ಹೊಳೆಯ ದಡದಲ್ಲಿ ಇಳಿದು, ದೋಣಿಯಲ್ಲಿ ಕಾವೇರಿಯನ್ನು ದಾಟಿ, ಅರಣ್ಯ ಇಲಾಖೆಯ ಆನೆಗಳಿಗೆ ಮಾವುತರು ಮೈ ತಿಕ್ಕುವುದನ್ನು ಕಂಡು, ಮಕ್ಕಳ ಕೈಯಿಂದ ಬೆಲ್ಲವೋ ಬಾಳೆಹಣ್ಣೋ ಕೊಡಿಸಿ ಹಿಂದಿರುಗುವುದು ವಾಡಿಕೆ. ತಪ್ಪೇನೂ ಇಲ್ಲ. ಆದರೆ ದೋಣಿಯಲ್ಲಿ ಕುಳಿತ ಆ ಕೆಲವು ನಿಮಿಷಗಳಲ್ಲಿ ನಿಮ್ಮ ಕಾಲಡಿಯಲ್ಲಿ ಹರಿಯುತ್ತಿದ್ದ ನೀರಿಗೂ ಒಂದು ಚರಿತ್ರೆ ಉಂಟು. ಅದು ಒಂದು ಮೀನಿನ ಚರಿತ್ರೆ. ಅದನ್ನು ಹಿಡಿಯಲು ಮನುಷ್ಯನು ಮಾಡಿಕೊಂಡ ಒಂದು ಕೋಲಿನ ಚರಿತ್ರೆ.

ಕನ್ನಡ ಪಂಡಿತನಿಗೂ ಗಾಳದ ಕೋಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಮ್ಮ ಹಳೆಯ ಕವಿಗಳಿಗೆಲ್ಲ ಒಂದು ಮಾತು ಬಾಯಿಪಾಠ: ಸ್ಪರ್ಶಸುಖಕ್ಕೆ ಆನೆ ಕೆಟ್ಟಿತು, ಶಬ್ದಕ್ಕೆ ಜಿಂಕೆ ಕೆಟ್ಟಿತು, ರೂಪಕ್ಕೆ ಪತಂಗ, ಗಂಧಕ್ಕೆ ದುಂಬಿ, ರುಚಿಗೆ ಮೀನು ಕೆಟ್ಟಿತು ಎಂದು. ಈ ಐದು ಉದಾಹರಣೆಗಳೂ ಒಂದೇ ಕಡೆ ಸಿಕ್ಕುವ ಸ್ಥಳ ದುಬಾರೆಯ ಕಾಡು. ಸಂಸ್ಕೃತದಲ್ಲಿ ‘ಬಡಿಶ’ವೆಂದು ಕರೆಯುವ ಗಾಳವನ್ನು ನಲವತ್ತು ವರ್ಷ ತರಗತಿಯಲ್ಲಿ ದೃಷ್ಟಾಂತವಾಗಿ ವಿವರಿಸಿದವನಿಗೆ, ನಿಜವಾದ ಗಾಳವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕೆನ್ನಿಸುವುದು ಸಹಜವಲ್ಲವೇ?

ಮೀನಿನ ವಿಷಯ ಮೊದಲು. ಕಾವೇರಿಯ ದಡದ ಜನ ಇದನ್ನು ಬಿಳಿಮೀನು ಎನ್ನುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಮಹಸೀರ್ ಎಂಬ ಹೆಸರು. ಈ ಶಬ್ದದ ಮೂಲವನ್ನು ಕುರಿತು ಮೂರು ಪಕ್ಷಗಳುಂಟು: ದೊಡ್ಡ ತಲೆಯದಾದ್ದರಿಂದ ‘ಮಹಾಶಿರ’ ಎಂದು ಕೆಲವರು, ದೊಡ್ಡ ಹುರುಪೆಯದಾದ್ದರಿಂದ ‘ಮಹಾಶಲ್ಕ’ ಎಂದು ಕೆಲವರು, ಪಾರಸಿಯ ಮಾಹಿ–ಶೇರ್, ಅಂದರೆ ಮೀನುಗಳಲ್ಲಿ ಸಿಂಹ, ಎಂದು ಇನ್ನು ಕೆಲವರು. ವ್ಯಾಕರಣಕ್ಕೆ ಯಾವುದು ಒಪ್ಪುವುದೋ ಇರಲಿ, ಮೀನಿಗೆ ಮೂರೂ ಒಪ್ಪುತ್ತವೆ. ಅಂಗೈಯಗಲದ ಹುರುಪೆ, ದಪ್ಪ ತುಟಿ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳು ಇರುವುದು ಗಂಟಲಿನಲ್ಲಿ. ಏಡಿ, ಶಂಖದ ಹುಳುಗಳನ್ನು ಆ ಗಂಟಲಿನಲ್ಲಿಯೇ ಹುಡಿಮಾಡಿ ನುಂಗುತ್ತದೆ. ದಡದ ಮರದಿಂದ ಉದುರಿದ ಹಣ್ಣೂ ಆದೀತು, ಸಣ್ಣ ಮೀನೂ ಆದೀತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರಿದಾಗ, ಮೊಟ್ಟೆಯಿಡಲು ಕಲ್ಲುಹರಳಿನ ತಿಳಿನೀರನ್ನು ಹುಡುಕಿಕೊಂಡು ಮೇಲಕ್ಕೆ ಈಜುತ್ತದೆ.

ಗಾಳ ಹಾಕುವುದು ಸಾಹೇಬರು ತಂದ ವಿನೋದವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹಾಗಲ್ಲ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜನಿಗೆ ತಕ್ಕ ವಿನೋದಗಳನ್ನು ಹೇಳುವ ಭಾಗವೊಂದಿದೆ. ಅದರಲ್ಲಿ ಮತ್ಸ್ಯವಿನೋದಕ್ಕೇ ಒಂದು ಪ್ರತ್ಯೇಕ ಪ್ರಕರಣ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಆಹಾರ ಹಾಕಿ ಒಂದೆಡೆ ಪಳಗಿಸಬೇಕು, ಕೋಲು ಹುರಿ ಗಾಳಗಳು ಹೇಗಿರಬೇಕು ಎಂಬುದನ್ನೆಲ್ಲ ಅರಸನು ಹೇಳಿದ್ದಾನೆ. ಮೀನುಗಳ ವಿಜ್ಞಾನದಲ್ಲಿ ನಮ್ಮ ದೇಶದ ಹಿರಿಯರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಕನ್ನಡ ನೆಲದ ಅರಸನು ಗಾಳದ ಕೋಲನ್ನು ವರ್ಣಿಸಿದ್ದು ಇಂಗ್ಲೆಂಡಿನಲ್ಲಿ ಅಂಥ ಪುಸ್ತಕ ಹುಟ್ಟುವುದಕ್ಕೆ ಶತಮಾನಗಳಷ್ಟು ಮೊದಲು.

ಎರಡನೆಯ ಪುಸ್ತಕವೂ ನಮ್ಮ ನೆಲದ್ದೇ. ಹೆನ್ರಿ ಸಲಿವನ್ ಥಾಮಸ್ ಎಂಬುವರು ಮದ್ರಾಸ್ ಸರ್ಕಾರದ ಸಿವಿಲ್ ಸೇವೆಯಲ್ಲಿದ್ದು ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದರು. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆಯೂ, ಮುಂದೆ 1894ರಲ್ಲಿ ಕಿಟ್ಟೆಲರ ನಿಘಂಟೂ ಹೊರಬಂದ ಊರಿನಲ್ಲಿಯೇ ಬಿಳಿಮೀನಿನ ಈ ಶಾಸ್ತ್ರವೂ ಹೊರಬಂದಿತು. ಒಂದೇ ತೂಕದ ಸಾಲ್ಮನ್ ಮೀನಿಗಿಂತ ಬಿಳಿಮೀನು ಹೆಚ್ಚಿನ ಹೋರಾಟ ಕೊಡುವುದೆಂಬ ಅವರ ಮಾತು ವಿಲಾಯತಿಯಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಥಾಮಸರು ಬರಿಯ ಮೋಜುಗಾರರಾಗಿರಲಿಲ್ಲ. ಹೊಳೆಗೆ ವಿಷ ಬೆರೆಸುವುದು, ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಇವುಗಳ ವಿರುದ್ಧ ಸರ್ಕಾರಕ್ಕೆ ಬರೆದವರಲ್ಲಿ ಅವರೂ ಒಬ್ಬರು. ನೀರಿನಲ್ಲಿ ವಿಷವನ್ನಾಗಲಿ ಸಿಡಿಮದ್ದನ್ನಾಗಲಿ ಹಾಕಿ ಮೀನು ಹಿಡಿಯಬಾರದೆಂಬ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂದಿತು.

ಇನ್ನು ಕೋಲು. 1854ರಿಂದೀಚೆಗೆ ಕೊಡಗಿನಲ್ಲಿ ದೊರೆಗಳ ಕಾಫಿ ತೋಟಗಳು ಬೆಳೆದವು. ದೊರೆಗಳ ಸಾಮಾನಿನೊಡನೆ ವಿಲಾಯತಿ ಕೋಲುಗಳೂ ಬಂದವು. ಅವುಗಳಲ್ಲಿ ಹೆಚ್ಚಿನ ಬೆಲೆಯವು ಸೀಳುಬಿದಿರಿನ ಕೋಲುಗಳು. ಅಂಥದೊಂದನ್ನು ಸಿದ್ದಾಪುರದ ಕಡೆಯ ತೋಟದ ಮನೆಯೊಂದರಲ್ಲಿ ನಾನು ನೋಡಿದೆ. ಮನೆಯ ಯಜಮಾನರು ಅಟ್ಟದಿಂದ ಇಳಿಸಿ, “ನೋಡಿ ಮೇಷ್ಟ್ರೇ, ಇದು ನಮ್ಮ ತಂದೆಯವರದು” ಎಂದು ಬಟ್ಟೆಯ ಚೀಲದಿಂದ ಮೂರು ತುಂಡುಗಳನ್ನು ಹೊರಗೆ ತೆಗೆದರು. ದುಂಡಗಿಲ್ಲ, ಆರು ಮೂಲೆ. ಹೇಗೆ ಮಾಡುತ್ತಾರೆಂಬುದನ್ನು ಅವರೇ ವಿವರಿಸಿದರು. ಬಿದಿರಿನ ಶಕ್ತಿಯೆಲ್ಲ ಅದರ ಹೊರಮೈಯಲ್ಲಿದೆ, ಒಳಗಿನದು ಬೆಂಡು. ಆದ್ದರಿಂದ ಚೆನ್ನಾಗಿ ಒಣಗಿದ ಗಳುವನ್ನು ಉದ್ದುದ್ದಕ್ಕೆ ಸೀಳಿ, ಒಳಗಿನ ಬೆಂಡನ್ನು ತೆಗೆದುಹಾಕಿ, ಪ್ರತಿ ಸೀಳನ್ನೂ ಮೂರು ಮೂಲೆಯಾಗುವಂತೆ ಕೀಸುಳಿ ಹಾಕುತ್ತಾರೆ. ಮೂರು ಮೂಲೆಗಳೂ ಸಮನಾಗಿರಬೇಕು. ಬುಡದಿಂದ ತುದಿಗೆ ಸೀಳು ಹದವಾಗಿ ಸಣ್ಣದಾಗುತ್ತ ಹೋಗಬೇಕು. ಬಿದಿರಿನ ಗೆಣ್ಣು ದುರ್ಬಲವಾದ ಜಾಗವಾದ್ದರಿಂದ ಆರು ಸೀಳುಗಳ ಗೆಣ್ಣುಗಳೂ ಒಂದೇ ಕಡೆ ಸೇರದಂತೆ ಹಿಂದುಮುಂದಾಗಿ ಜೋಡಿಸುತ್ತಾರೆ. ಆಮೇಲೆ ಅಂಟು ಸವರಿ, ಆರನ್ನೂ ಒಂದಾಗಿ ದಾರದಿಂದ ಬಿಗಿದು, ಬೆಂಕಿಯ ಕಾವಿನಲ್ಲಿ ಡೊಂಕು ತಿದ್ದುತ್ತಾರೆ. ಹೊರಗೆಲ್ಲ ಗಟ್ಟಿ ತೊಗಟೆಯೇ ಇರುವ ಆರು ಮೂಲೆಯ ಕೋಲು ಆಗ ಸಿದ್ಧವಾಗುತ್ತದೆ.

ಈ ವಿದ್ಯೆ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕೆಯ ಕುಶಲಕರ್ಮಿಗಳ ಕೈಯಲ್ಲಿ. ಆದರೆ ಅವರಿಗೆ ಬಿದಿರು ಎಲ್ಲಿಂದ ಹೋಯಿತು? ಕಲ್ಕತ್ತೆಯ ಬಂದರಿನಿಂದ. ‘ಕಲ್ಕತ್ತಾ ಕೇನ್’ ಎಂದೇ ಅದಕ್ಕೆ ಹೆಸರಾಗಿತ್ತು. ಒಳಗೆ ಪೊಳ್ಳು ಕಡಮೆಯಿರುವ, ನಮ್ಮಲ್ಲಿ ಗಂಡುಬಿದಿರು ಎನ್ನುವ ಜಾತಿ ಅದು. ದುಬಾರೆಯ ಕಾಡಿಗೂ ಅದು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಚೀನಾದ ಟಾಂಕಿನ್ ಬಿದಿರು ಬಂದು ಅದನ್ನು ಹಿಂದಕ್ಕೆ ತಳ್ಳಿತು. ಅಲ್ಲಿಯವರೆಗೆ ನಮ್ಮ ದೇಶದ ಬಿದಿರು ಹಡಗು ಹತ್ತಿ ಹೋಗಿ, ಆರು ಮೂಲೆಯಾಗಿ, ಮೆರುಗೆಣ್ಣೆ ಬಳಿಸಿಕೊಂಡು, ಹತ್ತರಷ್ಟು ಬೆಲೆಯೊಡನೆ ಬಿದಿರಿನ ಕಾಡಿನ ಪಕ್ಕಕ್ಕೇ ಹಿಂದಿರುಗುತ್ತಿತ್ತು. ಹತ್ತಿ ಹೋಗಿ ಬಟ್ಟೆಯಾಗಿ ಬಂದ ಕಥೆ ನಮಗೆ ಗೊತ್ತು. ಇದು ಅದರ ದಾಯಾದಿ.

ಬಂದ ಕೋಲಿಗೆ ಕೊಡಗಿನ ಮಳೆ ಮಾತ್ರ ಮರ್ಯಾದೆ ತೋರಿಸಲಿಲ್ಲ. ಬಡಗಿಗಳು ವಜ್ರವೆನ್ನುವ ಪ್ರಾಣಿಜನ್ಯ ಅಂಟು ತೇವಕ್ಕೆ ಸಡಿಲವಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಸೀಮೆಯಲ್ಲಿ ಆರು ಸೀಳುಗಳು ಅಣ್ಣತಮ್ಮಂದಿರು ಪಾಲಾದಂತೆ ಬೇರೆ ಬೇರೆಯಾಗುತ್ತಿದ್ದವು. ಆಗ ಇಲ್ಲಿಯವರು ತಮ್ಮ ಕೈಯನ್ನೇ ನಂಬಬೇಕಾಯಿತು. ನಾನು ಕಂಡ ಕೋಲಿನಲ್ಲಿ ಬುಡದ ತುಂಡು ವಿಲಾಯತಿಯದು; ತುದಿಯ ತುಂಡನ್ನು ಯಜಮಾನರ ತಂದೆಯವರು ತೋಟದ ಅಂಚಿನ ಇಡೀ ಬಿದಿರಿನಿಂದಲೇ ಕೆತ್ತಿ, ಹಿತ್ತಾಳೆಯ ಕೊಳವೆಯಲ್ಲಿ ಸೇರಿಸಿ, ಹುರಿ ಹಾಯುವ ಉಂಗುರಗಳನ್ನು ರೇಷ್ಮೆ ದಾರದಿಂದ ಸುತ್ತಿ ಕಟ್ಟಿದ್ದರು. ಆ ಸುತ್ತು ಎಷ್ಟು ಒತ್ತಾಗಿತ್ತೆಂದರೆ ಉಗುರು ಹಾಯುತ್ತಿರಲಿಲ್ಲ.

ಮೀನಿಗೆ ತಕ್ಕ ಕೋಲು, ಕೈಗೆ ತಕ್ಕ ಕೋಲು ಎಂಬ ಈ ವಿಚಾರ ಅಮೆರಿಕೆಯಲ್ಲಿ ದೊಡ್ಡ ಪಂಥವಾಗಿ ಬೆಳೆದಿದೆ. ಅಲ್ಲಿ ಬಾಸ್ ಎಂಬ ಮೀನು ಜನಸಾಮಾನ್ಯರ ಪ್ರೀತಿಯ ಬೇಟೆ. ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯರು 1881ರಲ್ಲಿ ಆ ಮೀನನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು, ಅದಕ್ಕೆಂದೇ ಎಂಟು ಅಡಿ ಮೂರು ಅಂಗುಲದ ಹಗುರವಾದ ಕೋಲನ್ನು ಬಳಕೆಗೆ ತಂದರು. ಅವರಿಗೂ ಹಿಂದೆ, 1810ರ ಸುಮಾರಿಗೆ, ಕೆಂಟಕಿಯ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕೆಲಸದವನು ಹಲ್ಲಿನ ಚಕ್ರಗಳನ್ನು ಜೋಡಿಸಿ, ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಹುರಿಯ ರಾಟೆ ಹಲವು ಸುತ್ತು ತಿರುಗುವಂತೆ ಮಾಡಿದ್ದನು. ಬಾಸ್ ಹಿಡಿಯಲು ಹುಟ್ಟಿದ ಈ ರಾಟೆಯ ಮೊಮ್ಮಕ್ಕಳೇ ಮುಂದೆ ಕಾವೇರಿಗೂ ಬಂದವು.

ಆದರೆ ಬಾಸಿನ ಕೋಲು ಬಿಳಿಮೀನಿಗೆ ಆಗದು. ಬಾಸ್ ಕೆಲವು ಪೌಂಡಿನ ಮೀನು, ಕೆರೆಯ ನಿಂತ ನೀರಿಗೂ ಒಗ್ಗುವಂಥದು. ಬಿಳಿಮೀನು ಗಾಳ ಕಚ್ಚಿದ ಮರುಕ್ಷಣವೇ ಹರಿವಿನ ದಿಕ್ಕಿನಲ್ಲಿ ಬಾಣದಂತೆ ಓಡುತ್ತದೆ. ಅದರ ಮೊದಲ ಓಟವೇ ಅತ್ಯಂತ ಬಿರುಸು. ದುಬಾರೆಯ ಹೊಳೆಯ ತಳವೆಲ್ಲ ಬಂಡೆ, ನಡುವೆ ಮರಗಳಿರುವ ನಡುಗಡ್ಡೆಗಳು. ಹುರಿ ಒಮ್ಮೆ ಬಂಡೆಯ ಏಣಿಗೆ ಉಜ್ಜಿದರೆ ಮುಗಿಯಿತು. ಆದ್ದರಿಂದ ಹುರಿಯನ್ನು ಬಂಡೆಗಿಂತ ಮೇಲೆತ್ತಿ ಹಿಡಿಯುವಷ್ಟು ಉದ್ದವಾದ, ಹನ್ನೊಂದು ಹನ್ನೆರಡು ಅಡಿಯ ಕೋಲು ಬೇಕು. ತುದಿ ಬಾಗಬೇಕು, ನಡು ಬಾಗಿದರೂ ಸೋಲಬಾರದು. ರಾಟೆಯಲ್ಲಿ ನೂರಾರು ಗಜ ಹುರಿ ಬೇಕು. ಹಿಂದೆ ಅದು ರೇಷ್ಮೆಯ ಹುರಿ. ಪ್ರತಿ ಸಂಜೆ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. 1938ರಲ್ಲಿ ನೈಲಾನ್ ಪ್ರಕಟವಾಗಿ, ಮಹಾಯುದ್ಧದ ತರುವಾಯ ಅಂಗಡಿಗೆ ಬಂದ ಮೇಲೆ ಈ ತೊಂದರೆ ತಪ್ಪಿತು. ಗಾಳವಂತೂ ದಪ್ಪನಾದ ಉಕ್ಕಿನದೇ ಆಗಬೇಕು. ಏಡಿಯನ್ನು ಹುಡಿಮಾಡುವ ಬಾಯಿ ತೆಳು ಗಾಳವನ್ನು ಅಪ್ಪಚ್ಚಿ ಮಾಡಿ ಉಗುಳುತ್ತದೆ.

ಇಷ್ಟೆಲ್ಲ ವಿಲಾಯತಿ ಸಲಕರಣೆಯ ತುದಿಗೆ ಸಿಕ್ಕಿಸುವುದು ಏನು ಗೊತ್ತೆ? ರಾಗಿ ಮುದ್ದೆ. ಕಾವೇರಿಯಲ್ಲಿ ಇದಕ್ಕಿಂತ ಹೆಸರಾದ ಎರೆಯಿಲ್ಲ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಯ ಗಾತ್ರಕ್ಕೋ ಕಿತ್ತಳೆಯ ಗಾತ್ರಕ್ಕೋ ಉಂಡೆ ಕಟ್ಟಿ ಗಾಳವನ್ನು ಅದರಲ್ಲಿ ಹುದುಗಿಸುತ್ತಾರೆ. ಊಟದ ಮುದ್ದೆಗಿಂತ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಹರಿವಿಗೆ ಕರಗುತ್ತದೆ. ಹರಿಗೋಲು ನಡೆಸುವ ಸ್ಥಳೀಯರ ಈ ಪಾಕಶಾಸ್ತ್ರವನ್ನು ದೊರೆಗಳು ಶಿಷ್ಯರಂತೆ ಕಲಿತರು.

1919ರಲ್ಲಿ ರಿವೆಟ್–ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಹಿಡಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸೋದರರಲ್ಲಿ ಒಬ್ಬರು, ಸತ್ತ ಹುಲಿಗಳಿಗೆ ಜೀವಕಳೆ ತುಂಬಿ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧರಾದ ಮನೆತನದವರು, ಮೈಸೂರು ಸೀಮೆಯಲ್ಲಿ 120 ಪೌಂಡಿನದನ್ನು ಹಿಡಿದರು. ಅಂದರೆ ಸುಮಾರು 54 ಕಿಲೋಗ್ರಾಂ. ಒಬ್ಬ ಆಳಿನ ತೂಕ.

ಆಮೇಲೆ ಹೊಳೆಗೆ ಕೆಟ್ಟ ದಿನಗಳು ಬಂದವು. ಕಾಯಿದೆ ಇದ್ದರೂ ತೋಟೆ ಸಿಡಿಸುವುದು ನಿಲ್ಲಲಿಲ್ಲ. ಒಂದು ತೋಟೆಗೆ ಮಡುವಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ಅರ್ಧ ಕೈಗೆ ಸಿಕ್ಕುತ್ತದೆ, ಅರ್ಧ ತಳಕ್ಕೆ ಹೋಗಿ ಕೊಳೆಯುತ್ತದೆ, ಮರಿಗಳ ಲೆಕ್ಕ ಯಾರಿಗೂ ಬೇಡ. ದೊಡ್ಡ ಬಿಳಿಮೀನು ಇನ್ನಿಲ್ಲವೆಂದೇ ಹೊರಗಿನವರು ಭಾವಿಸಿದ್ದಾಗ, 1977ರಲ್ಲಿ ಬ್ರಿಟನ್ನಿನ ಮೂವರು ಯುವಕರು ಬಂದು ಕಾವೇರಿಯಲ್ಲಿ ಅದು ಇನ್ನೂ ಉಂಟೆಂದು ತೋರಿಸಿದರು. ಹೊಸದೊಂದು ನಿಯಮ ಬೇರೂರಿದ್ದು ಅದರ ನಂತರ: ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಸಹಿತ ನೀರಿಗೆ ಬಿಡಬೇಕು. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ದುಬಾರೆ, ವಾಲ್ನೂರಿನ ಸುತ್ತಲಿನ ಹೊಳೆಯಲ್ಲಿ ಕಾವಲಿಟ್ಟು ಈ ನಿಯಮವನ್ನೇ ನಡೆಸಿದರು.

ತೂಗಿ ಬರೆದಿಟ್ಟದ್ದರ ಬೆಲೆ ತಿಳಿದದ್ದು ಬಹಳ ತಡವಾಗಿ. ದುಬಾರೆಯಿಂದ ಇಳಿದ ಕಾವೇರಿ ರಾಮನಾಥಪುರವನ್ನೂ ಕೃಷ್ಣರಾಜಸಾಗರವನ್ನೂ ದಾಟಿ, ಶಿವನಸಮುದ್ರದಲ್ಲಿ ಧುಮುಕಿ ಮುಂದೆ ಸಾಗುವಲ್ಲಿ ಗಾಳಿಬೋರೆ ಎಂಬ ಸ್ಥಳವಿದೆ. ಅಲ್ಲಿನ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,161 ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನುಗಳ ಸಂಖ್ಯೆ ಹೆಚ್ಚಿತ್ತು. ಆದರೆ ಹೆಚ್ಚಿದ್ದು ನೀಲಿ ಈಜುರೆಕ್ಕೆಯ ಇನ್ನೊಂದು ಜಾತಿ. ಕೃಷ್ಣೆಯ ಕಡೆಯ ಆ ಮೀನನ್ನು ಲೋನಾವಳದಲ್ಲಿ ಮರಿಮಾಡಿಸಿ 1970ರ ದಶಕದಿಂದ ಕಾವೇರಿಗೆ ಒಳ್ಳೆಯ ಉದ್ದೇಶದಿಂದಲೇ ಬಿಟ್ಟಿದ್ದರು. ಕಾವೇರಿಯ ಸ್ವಂತದ್ದಾದ, ಕಿತ್ತಳೆ ಬಣ್ಣದ ರೆಕ್ಕೆಯ, ಗೂನುಬೆನ್ನಿನ ಬಿಳಿಮೀನು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಅದರ ಮರಿಗಳಂತೂ ಗಾಳಕ್ಕೆ ಬೀಳುವುದೇ ಅಪರೂಪವಾಗಿತ್ತು.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ದೊರೆಗಳು ಒಂದೂವರೆ ಶತಮಾನ ಬೆನ್ನಟ್ಟಿದ ಈ ಗೂನುಮೀನಿಗೆ ಶಾಸ್ತ್ರಸಮ್ಮತವಾದ ಹೆಸರೇ ಇರಲಿಲ್ಲ. 1839ರಲ್ಲಿ ದಖ್ಖನಿನ ಬೇರೊಂದು ಮೀನಿಗೆ ಕೊಟ್ಟ ಹೆಸರನ್ನು ಇದಕ್ಕೆ ತಪ್ಪಾಗಿ ಅಂಟಿಸಿದ್ದರು. ಕೇರಳದ ಪಾಂಬಾರಿನಲ್ಲಿ, ಅದೂ ಕಾವೇರಿಗೆ ಸೇರುವ ನೀರೇ, ಸಿಕ್ಕ ಮೀನಿಗೆ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರೇ ಇದರದೂ ಎಂದು ತೀರ್ಮಾನವಾದದ್ದು 2018ರಲ್ಲಿ. ಮೀನುಗಳ ವಿದುಷಿ ರೆಮಾದೇವಿಯವರ ಗೌರವಾರ್ಥವಾದ ಹೆಸರು ಅದು. ಅದೇ ವರ್ಷ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘವು ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಾಮಕರಣವೂ ಅಪಾಯದ ಘೋಷಣೆಯೂ ಒಂದೇ ವರ್ಷ ಆದ ಜೀವಿ ಬೇರೆ ಎಷ್ಟಿದ್ದಾವೋ!

ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅರ್ಥವಿವರಣೆಯಿಂದಾಗಿ 2012ರಲ್ಲಿ ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕುವುದು ನಿಂತಿತು. ಗಾಳದವರು ಹೋದ ಮೇಲೆ ತೋಟೆಯವರನ್ನು ಕಾಯುವ ಕಣ್ಣುಗಳೂ ಕಡಮೆಯಾದವೆಂದು ಒಂದು ಪಕ್ಷ. ಧಾಮವೆಂದ ಮೇಲೆ ಮೀನಿಗೂ ಅಭಯವಿರಬೇಕೆಂದು ಇನ್ನೊಂದು ಪಕ್ಷ. ನನಗೆ ಮೊದಲಿನವರ ಮಾತಿನಲ್ಲಿ ಹೆಚ್ಚು ಹುರುಳು ಕಾಣುತ್ತದೆ; ಏಕೆಂದರೆ ಲೆಕ್ಕವೂ ಅಲ್ಲಿಗೇ ನಿಂತಿತು.

ಅದಕ್ಕಾಗಿಯೇ ನಿಮ್ಮಲ್ಲಿ ಒಂದು ಬಿನ್ನಹ. ಕಾವೇರಿ, ಹೇಮಾವತಿ, ಕಬಿನಿಯ ದಡದ ಮನೆಗಳಲ್ಲಿ ಹಿರಿಯರು ಮೀನಿನ ತೂಕ, ತಾರೀಖು, ಮಡುವಿನ ಹೆಸರು ಬರೆದಿಟ್ಟ ಪುಸ್ತಕಗಳೋ, ಹಿಂದುಗಡೆ ಬರಹವಿರುವ ಛಾಯಾಚಿತ್ರಗಳೋ ಇದ್ದರೆ ರದ್ದಿಗೆ ಹಾಕಬೇಡಿ. ಗೂನುಮೀನು ಎಲ್ಲೆಲ್ಲಿ ಇತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಕಡಮೆ. ನಾನು ಹೇಳಿದ ತೋಟದ ಮನೆಯಲ್ಲಿ ಕೋಲಿನ ಚೀಲದೊಳಗೇ ಅಂಥದೊಂದು ಪುಸ್ತಕವಿತ್ತು. ಹೆಚ್ಚಿನ ಸಾಲುಗಳ ಕೊನೆಯಲ್ಲಿ ಯಾರ ಯಾರ ಮನೆಗೆ ಎಷ್ಟು ಪಾಲು ಕಳುಹಿಸಿದರೆಂದು ಬರೆದಿತ್ತು. ಕೊನೆಯ ನಾಲ್ಕಾರು ಪುಟಗಳಲ್ಲಿ ಮಾತ್ರ ಪಾಲಿನ ಲೆಕ್ಕವಿಲ್ಲ. ತೂಕದ ಮುಂದೆ, ನಡುಗುವ ಅಕ್ಷರಗಳಲ್ಲಿ, ‘ನೀರಿಗೆ ಬಿಟ್ಟೆ’ ಎಂದಿತ್ತು.